ಎರಡನೇ ಕಾಲುವೆಯ ಪಕ್ಕ

ಹೋಲಿಯೋಕ್‌ನಲ್ಲಿ ಕಾಗದದ ಗಿರಣಿಗಳು ಮುಚ್ಚಿ
ಎಷ್ಟೋ ಕಾಲವಾಯಿತು. ಕಾಲುವೆಗಳು ಮಾತ್ರ
ಕೆಲಸ ಹೋದದ್ದನ್ನು ಮನೆಯಲ್ಲಿ ಹೇಳದವರ ಹಾಗೆ
ಬೆಳಗಾದರೆ ಹೊರಡುತ್ತವೆ.
ಎರಡನೇ ಕಾಲುವೆಯ ಪಕ್ಕದ ಇಟ್ಟಿಗೆ ಕಟ್ಟಡ, ಮೂರನೇ ಮಹಡಿ,
ಗುರುವಾರ ಗುರುವಾರ ನಾನಲ್ಲಿ ಲೆಕ್ಕ ಬರೆಯುತ್ತೇನೆ.

ಬಾಗಿಲಲ್ಲಿ ಸಹಿ. ಕ್ಯಾಮೆರಾಕ್ಕೆ ಮುಖ.
ಒಳಗೆ ನೇರಳೆ ಬೆಳಕಲ್ಲಿ ಆರುನೂರ ಹನ್ನೆರಡು ಗಿಡ,
ಒಂದೊಂದರ ಕಾಲಿಗೂ ನಂಬರಿನ ಚೀಟಿ.
ಹುಟ್ಟಿದ್ದು ಸತ್ತದ್ದು ಎಲ್ಲಾ ಸರ್ಕಾರಕ್ಕೆ ಗೊತ್ತು.

"ಎಲ್ಲಾ ಹೆಣ್ಣೇ," ಎಂದಳು ಮಿಗ್ದಾಲಿಯಾ ಮೊದಲ ದಿನ,
"ಗಂಡು ಕಂಡರೆ ಕಿತ್ತು ಬಿಸಾಡುತ್ತೇವೆ.
ಬೀಜ ಕಟ್ಟಿದ ಹೂವಿಗೆ ಬೆಲೆಯಿಲ್ಲ."
ಒಡೆಸ್ಸಾ ಕತ್ತರಿಯ ಅಂಟು ಒರೆಸುತ್ತಾ:
"ಇದನ್ನು ಬ್ಯಾಂಕಿನಲ್ಲಿ ಹೇಳಬೇಡ ಮಾರಾಯ್ತಿ.
ಸಾಲವಂತೂ ಕೊಡುವುದಿಲ್ಲ,
ಕಾರಣವನ್ನಾದರೂ ಅವರೇ ಹುಡುಕಲಿ."

ಒಡೆಸ್ಸಾಳ ಅಮ್ಮನ ಮನೆ ಅಡವಿನಲ್ಲಿದೆ.
ಮಿಗ್ದಾಲಿಯಾ ಇಪ್ಪತ್ತೆರಡು ವರ್ಷ
ಶಾಲೆಯ ಅಡುಗೆಮನೆಯಲ್ಲಿ ಕೂಡಿಸಿದ್ದು ಈ ದೀಪಗಳಾಗಿ ಉರಿಯುತ್ತಿದೆ.
ಬಾಸ್ಟನ್ನಿನಿಂದ ಒಬ್ಬ ಬಂದಿದ್ದ, ಒಳ್ಳೆಯ ಬೂಟು.
ಹೆಸರು ನಿಮ್ಮದಿರಲಿ, ಸಹಿ ನನ್ನದು ಎಂದ.
ಕಾಫಿ ಕೊಟ್ಟು ಕಳಿಸಿದರು.
ಆ ಲೋಟವನ್ನು ಎರಡು ಸಲ ತೊಳೆದರು.

ನನ್ನ ಕೆಲಸ ಇಷ್ಟು:
ಮಣ್ಣು, ನೀರು, ಗೊಬ್ಬರದ ಖರ್ಚು ಕಳೆಯಬಹುದು.
ಅಂಗಡಿಯ ಬಾಡಿಗೆ, ಗಲ್ಲಾದ ಹುಡುಗಿಯ ಸಂಬಳ,
ಚಳಿಗೆ ಒಡೆದ ಕೊಳಾಯಿ, ಇವು ಕಳೆಯುವಂತಿಲ್ಲ.
ರಾಜ್ಯಕ್ಕಿದು ವ್ಯಾಪಾರ, ದೇಶಕ್ಕೆ ಅಪರಾಧ,
ತೆರಿಗೆಗೆ ಮಾತ್ರ ಇಬ್ಬರ ಕೈಯೂ ಚಾಚಿದೆ.
ಚಿಕ್ಕವರಿದ್ದಾಗ ತಂಗಿಯನ್ನು ನಾವು
ಹೀಗೇ ಸೇರಿಸಿಕೊಳ್ಳುತ್ತಿದ್ದೆವು: ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಮಾತು ಹೇಳಿಕೊಟ್ಟೆ. ಒಡೆಸ್ಸಾ ನಾಲಿಗೆ ಹೊರಳಿಸಿ
"ಲೆಕಕಿಲ" ಎಂದಳು, ನಕ್ಕಳು,
ಆಮೇಲೆ ಎಷ್ಟೋ ಹೊತ್ತು ನಗಲಿಲ್ಲ.

ಭಾನುವಾರ ಸುರಪುರದಿಂದ ಅವ್ವನ ಫೋನು.
"ಯಾರ ಲೆಕ್ಕ ಬರೀತಿ?"
"ಹೂವಿನ ವ್ಯಾಪಾರದವರದ್ದು."
"ದಿನಾ ಎಷ್ಟು ಮಾರು ಹೋಗತೈತಿ?"
"ಮಾರಿನ ಲೆಕ್ಕ ಅಲ್ಲವ್ವಾ, ಗ್ರಾಮಿನ ಲೆಕ್ಕ."
"ಬಂಗಾರದಂಗ?"
"ಬಂಗಾರದಂಗ."
ಮುತ್ಯಾ ಮಠದ ಕಟ್ಟೆಯ ಮೇಲೆ ಘೋಟಾ ಅರೆಯುತ್ತಿದ್ದದ್ದು
ಇದೇ ಎಲೆ, ಅವ್ವಾ,
ಅನ್ನಬೇಕೆಂದೆ. ಅನ್ನಲಿಲ್ಲ.
ಅವನಿಗೆ ಊರು ಕೈ ಮುಗಿಯುತ್ತಿತ್ತು.

ಮಿಗ್ದಾಲಿಯಾಳ ತಮ್ಮ ಎಫ್ರಾಯಿನ್‌ಗೆ ಹತ್ತೊಂಬತ್ತು.
ಇದೇ ಕಾಲುವೆಯ ಸೇತುವೆ, ಜೇಬಿನಲ್ಲಿ ಒಂದು ಪೊಟ್ಟಣ.
ನಾಲ್ಕು ವರ್ಷ.
ಆಮೇಲೆ ಕೇಳಿದ ಕಡೆಯೆಲ್ಲ ಕೆಲಸವಿಲ್ಲ.
ಲೈಸೆನ್ಸಿನ ಅರ್ಜಿಯ ಹನ್ನೊಂದನೇ ಪುಟ ಕೇಳಿತು:
ಮನೆಯಲ್ಲಿ ಯಾರಾದರೂ ಜೈಲಿಗೆ ಹೋಗಿದ್ದಾರೆಯೇ? ದಾಖಲೆ ಲಗತ್ತಿಸಿ.
ಹಳೆಯ ಟ್ರಂಕಿನಿಂದ ತೀರ್ಪಿನ ಕಾಗದ ತೆಗೆದು
ಇಸ್ತ್ರಿ ಮಾಡಿದಳಂತೆ, ಮಡಿಕೆ ಹೋಗಲೆಂದು.
ಮಡಿಕೆ ಹೋಗಲಿಲ್ಲ. ಅಂಕ ಬಂತು.

ಅವನೀಗ ಕೆಳಗೆ ಮಣ್ಣಿನ ಚೀಲ ಇಳಿಸುತ್ತಾನೆ.
ಮೇಲೆ ಬರುವುದಿಲ್ಲ.
ಯಾರೂ ಒತ್ತಾಯ ಮಾಡುವುದಿಲ್ಲ.

ಇವತ್ತು ಲಿಫ್ಟ್ ಕೆಟ್ಟಿತ್ತು.
ನಾವು ಮೂವರೂ ನೋಟು ಎಣಿಸುತ್ತಿದ್ದೆವು, ತೆರಿಗೆಯ ಚೀಲಕ್ಕೆ,
ಇಪ್ಪತ್ತರ ನೋಟೆಲ್ಲ ಗಿಡದ್ದೇ ವಾಸನೆ.
ಮೆಟ್ಟಿಲ ಮೇಲೆ ಭಾರದ ಹೆಜ್ಜೆ.
ಮಿಗ್ದಾಲಿಯಾಳ ಎಣಿಕೆ ತಪ್ಪಿತು,
ಮತ್ತೆ ಒಂದರಿಂದ ಶುರು ಮಾಡಿದಳು.

ಹೆಗಲ ಮೇಲೆ ಚೀಲ, ಹೊಸ್ತಿಲಾಚೆಯೇ ನಿಂತ.
ಕಾವಲಿನವನು ಪುಸ್ತಕ ಚಾಚಿದ.
ಎಫ್ರಾಯಿನ್ ಕ್ಯಾಮೆರಾ ನೋಡಿದ, ಪೆನ್ನು ನೋಡಿದ,
ಚೀಲ ಇಳಿಸಿ ನಿಧಾನಕ್ಕೆ ಬರೆದ.
ಒಳಗೆ ಬಂದ. ದೀಪದ ಕೆಳಗೆ ನಡೆದು
ಒಂದು ಎಲೆಯನ್ನೂ ಮುಟ್ಟದೆ ಸಾಲು ಮುಗಿಸಿ ತಿರುಗಿದ.
"ಇಲ್ಲಿ ಸೆಕೆ," ಎಂದಷ್ಟೇ ಅಕ್ಕನಿಗೆ ಹೇಳಿದ.

ಹೊರಡುವಾಗ ಪುಸ್ತಕ ನೋಡಿದೆ.
ಭೇಟಿಯ ಉದ್ದೇಶ: ನನ್ನದು ಲೆಕ್ಕ,
ಅದರ ಕೆಳಗೆ ಅವನದು, ಮಣ್ಣು.
ಹೊರಹೋದ ಸಮಯ ಬರೆಯುವುದನ್ನು ಮರೆತಿದ್ದ.
ನಾಳೆ ತಪಾಸಣೆಯವರು ಕೇಳುತ್ತಾರೆ,
ನಾನೇ ತುಂಬಿದೆ:
ನಾಲ್ಕು ಗಂಟೆ ಹತ್ತು ನಿಮಿಷ.