ಮೂರನೇ ಮಹಡಿಯ ಹಗ್ಗ

ಕುಟೈಸಿಯಲ್ಲಿ ಗುಟ್ಟು ಒಣಹಾಕಲು ಜಾಗವಿಲ್ಲ, ತೆಂಗಿಜ್.
ನಮ್ಮ ಬಾಲ್ಕನಿಯಿಂದ ಎದುರಿನ ಕಂಬಕ್ಕೆ
ಒಂದೇ ಹಗ್ಗ, ಎರಡು ರಾಟೆ.
ಎಳೆದರೆ ಕಿರ್ರೆನ್ನುತ್ತದೆ. ಬೆಳಗಿನ ಆರಕ್ಕೇ
ಇಡೀ ಅಂಗಳಕ್ಕೆ ಗೊತ್ತಾಗುತ್ತದೆ
ಲಮಾರಾಳ ಮನೆಯಲ್ಲಿ ಇವತ್ತೂ ಚಾದರ.

ಶುರುವಾದದ್ದು ದ್ರಾಕ್ಷಿ ಕೊಯ್ದ ತಿಂಗಳು.
ಐವತ್ತೆಂಟರ ಗಂಡಸು, ಬಸ್ಸಿನ ಇಂಜಿನ್ನನ್ನು
ಸದ್ದಿನಲ್ಲೇ ಓದಬಲ್ಲವನು,
ಕತ್ತಲಲ್ಲಿ ಎದ್ದು ಕೂತು
ಹಾಸಿಗೆಯನ್ನು ಅಂಗೈಯಲ್ಲಿ ಸವರುತ್ತಿದ್ದೆ,
ಅದು ಬೇರೆ ಯಾರದೋ ಎಂಬಂತೆ.
ನಾನು ನಿದ್ದೆ ನಟಿಸಿದೆ.
ಕರುಣೆಯೋ ಹೇಡಿತನವೋ, ಈಗಲೂ ತಿಳಿಯದು.

ವೈನ್ ಬಿಟ್ಟೆ. ಸಂಜೆಯ ಚಹಾ ಬಿಟ್ಟೆ.
ನಾಲಿಗೆ ಒಣಗಿತು, ಹಾಸಿಗೆ ಒಣಗಲಿಲ್ಲ.

ಕೆಳಮನೆಯ ನಾಜಿಬ್ರೋಲಾ ಕತ್ತೆತ್ತಿ ಕೇಳಿದಾಗ
ನನ್ನ ಬಾಯಿಗೆ ಬಂದದ್ದು ಮೊಮ್ಮಗನ ಹೆಸರು.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಐದು ವರ್ಷದ ಬಾಚೋ ಕೇಳಿಸಿಕೊಂಡಿದ್ದ.
ಆ ರಾತ್ರಿಯಿಂದ ನೀರು ಬೇಡವೆಂದ,
ಮಲಗುವ ಮುನ್ನ ನಾಲ್ಕು ಸಲ ಹೋಗಿ ಬಂದ, ಬಾರದಿದ್ದರೂ,
ತನ್ನ ಮೇಲೆ ತನಗೇ ಅನುಮಾನ ಬಂದವನಂತೆ.
ಅದನ್ನು ನೋಡಿದ ಮೇಲೆಯೇ
ನೀನು ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೊರಟದ್ದು.

ಡಾಕ್ಟರಮ್ಮ ಸಕ್ಕರೆ ನೋಡಿದಳು, ಪ್ರಾಸ್ಟೇಟ್ ನೋಡಿದಳು.
ಸೋಂಕಿಲ್ಲ, ಕಲ್ಲಿಲ್ಲ. ಆಮೇಲೆ ನನ್ನತ್ತ ತಿರುಗಿ,
'ಗೊರಕೆ ಹೊಡೆಯುತ್ತಾರಾ?'
ನಕ್ಕುಬಿಟ್ಟೆ. ಗೋಡೆಯಾಚೆಯವರನ್ನು ಕೇಳಿ ಎಂದೆ.
'ನಡುನಡುವೆ ನಿಲ್ಲುತ್ತದಾ?'

ನಗು ನಿಂತಿತು.
ಆ ಮೌನಗಳಲ್ಲೇ ಅಲ್ಲವೆ
ನಾನು ಎಷ್ಟೋ ವರ್ಷ ಸುಖವಾಗಿ ನಿದ್ದೆ ಹೋದದ್ದು!

ಗಂಟಲು ಮುಚ್ಚಿಕೊಳ್ಳುತ್ತದೆ, ಎದೆ ಗಾಳಿಗೆ ಜಗ್ಗಾಡುತ್ತದೆ,
ಪೆದ್ದ ಹೃದಯ ಮೈಯಲ್ಲಿ ನೀರು ಹೆಚ್ಚಿತೆಂದು ಬಗೆದು
ಹೊರಗೆ ಚೆಲ್ಲು ಎಂದು ಹೇಳಿಕಳಿಸುತ್ತದೆ.
ಮೂತ್ರಪಿಂಡ ಮಾತು ಕೇಳುತ್ತದೆ.
'ಅಂದರೆ ಗಾಳಿ ಪೈಪು ಕಟ್ಟಿದ್ದಕ್ಕೆ
ಇಷ್ಟು ದಿನ ಟ್ಯಾಂಕನ್ನು ಬೈದೆನಾ,' ಅಂದೆ ನೀನು,
ತಿಂಗಳ ಮೇಲೆ ಮೊದಲ ಸಲ ಮೆಕ್ಯಾನಿಕ್ಕಿನ ದನಿಯಲ್ಲಿ.

ಮೂಗಿಗೆ ಮುಖವಾಡ, ತಲೆದಿಂಬಿನ ಬಳಿ ಗಾಳಿಯೂಡುವ ಪೆಟ್ಟಿಗೆ.
ಮೊದಲ ವಾರ ಎರಡು ಸಲ ಕಿತ್ತೆಸೆದೆ.
ಎರಡು ಸಲ ರಾಟೆ ಕಿರುಗುಟ್ಟಿತು.
ಆಮೇಲೆ ಒಂದು ದಿನ ಇಲ್ಲ. ಮರುದಿನವೂ ಇಲ್ಲ.
ಗೊರಕೆಯಿಲ್ಲದ ಕೋಣೆಯಲ್ಲಿ ನನಗೇ ನಿದ್ದೆ ಹತ್ತದೆ
ನಿನ್ನ ಉಸಿರು ಎಣಿಸುತ್ತಾ ಕೂತೆ.

'ಹುಡುಗನಿಗೆ ವಾಸಿಯಾಯಿತಾ?' ನಾಜಿಬ್ರೋಲಾ.
ನಾನು ಬಾಯಿ ತೆರೆಯುವಷ್ಟರಲ್ಲಿ
ಕೆನ್ನೆಯ ಮೇಲೆ ಪಟ್ಟಿಯ ಗುರುತು ಹೊತ್ತು, ಬನಿಯನ್ನಿನಲ್ಲೇ
ನೀನು ಬಾಲ್ಕನಿಗೆ ಬಂದೆ.
'ಹುಡುಗನಲ್ಲ. ನಾನು.'

ಅಂಗಳದಲ್ಲಿ ಯಾರೋ ಕೆಮ್ಮಿದರು.
ಒಳಗಿನಿಂದ ಬಾಚೋ
ಕುಡಿಯಲು ನೀರು ಕೇಳಿದ.