ಇರಲಿ

ಪುಟ್ಟಾಚಾರ್ರ ನೋಟ್‌ಬುಕ್ಕಿನಲ್ಲಿ
ಕ್ರಿಯಾಪದಗಳೆಲ್ಲ ತುದಿಗಾಲಲ್ಲಿ ನಿಂತಿರುತ್ತವೆ:
ಹೋಗು. ತೆರೆ. ಹಳೆಯದನ್ನು ಅಳಿಸು.
ಹೊಸದನ್ನು ಕೂರಿಸು. ಉಳಿಸು. ಹೊರಗೆ ಬಾ.
ಹದಿನೆಂಟು ವರ್ಷ ಜಿಲ್ಲೆಯ ಸ್ವಿಚ್ಚುಗಳಿಗೆಲ್ಲ
ಹೀಗೆ ಏಕವಚನದಲ್ಲೇ ಮಾತಾಡಿಸಿದ್ದಾರೆ,
ಮನೆಯಲ್ಲಿ ಬೆಕ್ಕಿಗೂ ಬಹುವಚನ ಹಚ್ಚುವ ಮನುಷ್ಯ.

ಆ ರಾತ್ರಿ ಹಾಸನದ ಕಚೇರಿಯ ಮೂರನೇ ಮಹಡಿಯಲ್ಲಿ
ಎ.ಸಿ.ಯ ಗೊರಕೆಯ ಕೆಳಗೆ ನಾವಿಬ್ಬರೇ.
ಎಂಟು ತಾಲ್ಲೂಕು, ನಲವತ್ತಮೂರು ಸ್ವಿಚ್ಚು.
ಬೇಲೂರು ಆಯಿತು. ಆಲೂರು ಆಯಿತು.
ಅರಕಲಗೂಡಿನ ಹದಿನೇಳನೇ ಹೆಜ್ಜೆಗೆ ಕರೆಂಟು ಹೋಯಿತು.
ಅಳಿಸಿದ್ದಾಗಿತ್ತು.
ಕೂರಿಸಿರಲಿಲ್ಲ.

ಕರೆಂಟು ಬಂದ ಮೇಲೆ ಮೊದಲಿಂದ ಓಡಿಸಿದರು.
ಇಲ್ಲದ್ದನ್ನು ಅಳಿಸಹೋಗಿ ಸ್ಕ್ರಿಪ್ಟು ಅಲ್ಲೇ ನಿಂತಿತು,
ಬಾಗಿಲೇ ಇಲ್ಲದ ಮನೆಯ ಮುಂದೆ
ಬೀಗದ ಕೈ ಹಿಡಿದು ನಿಂತವರ ಹಾಗೆ.
ಬೆಳಗಿನ ಮೊದಲ ಬಸ್ಸಿಗೆ ಆಚಾರ್ರು ಹೊರಟರು,
ಜೇಬಿನಲ್ಲಿ ತಿಳಿನೀಲಿ ಕೇಬಲ್ಲು,
ತಿಂಡಿ ಇಲ್ಲ.

ಆಮೇಲೆ ನಾನು ಬರೆದದ್ದು ಬೇರೆ ವ್ಯಾಕರಣ.
ಹೋಗು ಇಲ್ಲ, ಬಾ ಇಲ್ಲ. ಒಂದು ಹಾಳೆ, ಅಷ್ಟೆ.
ಅರಕಲಗೂಡಿನ ಏಳನೇ ಪೋರ್ಟು ಭೂದಾಖಲೆಗಿರಲಿ.
ಹನ್ನೆರಡನೆಯದು ಮುಚ್ಚಿರಲಿ.
ಹೊಳೆನರಸೀಪುರದ ಗಡಿಯಾರ ಎಲ್ಲರ ಗಡಿಯಾರದಂತಿರಲಿ.
ಹೇಗೆ ಅಂತ ಬರೆಯಲಿಲ್ಲ.
ಕಾಲು ಗಂಟೆಗೊಮ್ಮೆ ಯಂತ್ರ ಸುತ್ತು ಬರುತ್ತದೆ,
ಹಾಳೆ ನೋಡುತ್ತದೆ, ಊರು ನೋಡುತ್ತದೆ,
ಎರಡರ ನಡುವೆ ಬಿರುಕಿದ್ದಲ್ಲಿ ಮಾತ್ರ ಕೈ ಹಚ್ಚುತ್ತದೆ.
ನೂರು ಸಲ ಓಡಿಸಿ, ಒಂದು ಸಲ ಓಡಿಸಿದಂತೆಯೇ.

"ಹಾಸನಾಂಬೆ ದೀಪದ ಥರ ಅನ್ನಿ," ಅಂದರು ಆಚಾರ್ರು,
"ವರ್ಷ ಬಿಟ್ಟು ಬಾಗಿಲು ತೆಗೆದ್ರೂ ಉರೀತಾನೇ ಇರತ್ತಂತೆ."
ಟೀ ಮುಗಿಸಿ ಲೋಟ ಕವುಚಿಟ್ಟು:
"ಎಣ್ಣೆ ಯಾರು ಹಾಕ್ತಾರೆ ಅಂತ ಮಾತ್ರ ಕೇಳಬಾರದು, ಅಲ್ವ?"

ಆಷಾಢದಲ್ಲಿ ಸಕಲೇಶಪುರದ ಹತ್ತಿರ ಗುಡ್ಡ ಜಾರಿ
ಫೈಬರ್ ತುಂಡಾಯಿತು.
ಅಲ್ಲಿದ್ದವಳು ಫ್ಲೇವಿ ಲೋಬೊ. ಯಾರನ್ನೂ ಕೇಳದೆ
ತಾಲ್ಲೂಕು ಆಸ್ಪತ್ರೆಯನ್ನು ಪೊಲೀಸ್ ಟವರಿನ ಮೂಲಕ
ಕೈಯಿಂದಲೇ ಸುತ್ತಿಸಿ ಕೊಟ್ಟಳು.
ಹಾಳೆಗೆ ತಿಳಿಸಲು ಪುರಸೊತ್ತಿರಲಿಲ್ಲ.
ಹನ್ನೊಂದು ನಿಮಿಷ ಆಸ್ಪತ್ರೆ ಮಾತಾಡಿತು.
ಹನ್ನೆರಡನೇ ನಿಮಿಷಕ್ಕೆ ನನ್ನ ಯಂತ್ರ,
ಅವಳು ಕಟ್ಟಿದ ದಾರಿಯಲ್ಲೇ ನಡೆದು ಹೋಗಿ,
ಆ ದಾರಿ ಹಾಳೆಯಲ್ಲಿಲ್ಲವೆಂದು ಕಂಡು
ಕಿತ್ತು ಹಾಕಿತು.
ಲಾಗಿನಲ್ಲಿ ಹಸಿರು ಅಕ್ಷರ: ಎಲ್ಲ ಸರಿಯಾಗಿದೆ.

ಅವಳು ಮತ್ತೆ ಕಟ್ಟಿದಳು. ಅದು ಮತ್ತೆ ಕಿತ್ತಿತು.
ನಾಲ್ಕು ಸಲ.
ನಾನು ನಿದ್ದೆಯಲ್ಲಿದ್ದೆ.

ಇದು ಇರಲಿ ಅಂದರೆ
ಹೇಳದೆ ಉಳಿದದ್ದೆಲ್ಲ ಬೇಡ ಅಂದಂತೆ.
ಆ ಸಾಲು ನಾನು ಬರೆದಿರಲಿಲ್ಲ.
ಎಲ್ಲ ಸಾಲುಗಳ ಹಿಂದೆ ಅದೇ ಇತ್ತು.

ಬೆಳಿಗ್ಗೆ ಆಚಾರ್ರು ಮಾತಾಡಲಿಲ್ಲ.
ಎಣ್ಣೆ ಹಿಡಿದ ನೋಟ್‌ಬುಕ್ಕು ತೆಗೆದು,
ಹದಿಮೂರನೇ ಇಸವಿಯ ಮಳೆಗಾಲದ ಪುಟ ಬಿಡಿಸಿ,
ನನ್ನ ಕೀಬೋರ್ಡಿನ ಮೇಲಿಟ್ಟರು. ಅಂಚಿನಲ್ಲಿ ಪೆನ್ಸಿಲ್ಲು:
ಸಕಲೇಶಪುರ ಬಿದ್ದರೆ ಟವರಿಂದ ಸುತ್ತಿಸು.
ಕೀಲಿ ಕಾವಲುಗಾರನ ಹತ್ತಿರ.
ಅವನಿಗೆ ಕಿವಿ ಮಂದ. ಜೋರಾಗಿ ಕೂಗು.

ಫ್ಲೇವಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ.
"ಇರ್ಲಿ ಬಿಡಿ ಮೇಡಂ," ಅಂದಳು.
"ಬಿಡಿ"ಯನ್ನು ಕೊಂಚ ಒತ್ತಿ ಹೇಳಿದಳು.

ಹಾಳೆಗೆ ಸೇರಿಸಿದೆ:
ಸಕಲೇಶಪುರಕ್ಕೆ ಎರಡನೇ ದಾರಿಯೂ ಇರಲಿ.
ಕೈಯಿಂದ ಕಟ್ಟಿದ್ದನ್ನು ಕೀಳುವ ಮುನ್ನ
ಒಬ್ಬರನ್ನು ಎಬ್ಬಿಸುವಂತಿರಲಿ.
ಕೀಲಿಗೆ ಜಾಗವಿರಲಿಲ್ಲ, ಕಿವಿಗೂ.
ಯಂತ್ರ ಓದದೆ ದಾಟಿ ಹೋಗುವ ಗುರುತೊಂದಿದೆ;
ಅದನ್ನು ಮುಂದಿಟ್ಟು, ಮುಂದೆ ಬರುವವರಿಗೆಂದು,
ಆಚಾರ್ರ ಏಕವಚನದಲ್ಲೇ ಬರೆದೆ:
ಜೋರಾಗಿ ಕೂಗು.