ಕೂಳೆ

ವಾರದ ವರದಿಯಲ್ಲಿ ನಾನೇ ಬರೆದಿದ್ದೆ, ನೀಲಿ ಇಂಕಿನಲ್ಲಿ:
ಕಿಶನ್, ನಾಲ್ಕು ವರ್ಷ. ಹೊಡೆಯುತ್ತಾನೆ.
ಖಾನೆ ಚಿಕ್ಕದು. ಅಷ್ಟೇ ಹಿಡಿಯಿತು.

ಸಂಕ್ರಾಂತಿಗೆ ಎಂಟು ದಿನ ಮುಂಚೆ
ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಬಳ್ಳಾರಿ ಕಡೆಯಿಂದ ಬಂದವನು.
ಪಾಂಡವಪುರದಾಚೆ ನಮ್ಮ ಕೊಪ್ಪಲಿನ ನಾಲೆ ಏರಿ ಮೇಲೆ
ಟಾರ್ಪಾಲಿನ ಮನೆ.
ಅವನ ಯಾಡಿ ಕತ್ತಲಲ್ಲೇ ಗದ್ದೆಗೆ ಇಳಿಯುತ್ತಾಳೆ.
ಅಕ್ಕ, ಅವಳಿಗೇ ಏಳು ವರ್ಷ,
ಅಂಗನವಾಡಿ ಹೊಸ್ತಿಲಲ್ಲಿ ಇವನ ಕೈ ಬಿಡಿಸಿ
ಕಂಕುಳ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ ಹೊರಡುತ್ತಾಳೆ.
ನೀನೂ ಕೂರು ಅಂದೆ. ತಲೆಯಾಡಿಸಿದಳು,
ಹೂಂ ಎಂದೋ ಊಹೂಂ ಎಂದೋ ತಿಳಿಯಲಿಲ್ಲ.

ಮಕ್ಕಳು ದೂರು ತಂದವು.
"ಟೀಚರ್, ಕಾಲ್ಗೇ ಹೊಡೀತನೆ."
"ಟೀಚರ್, ನಂಗೂವೆ."
ಮರದ ಸ್ಕೇಲು ಕಿತ್ತಿಟ್ಟೆ. ಚಮಚ ಹಿಡಿದ.
ಚಮಚ ಕಿತ್ತಿಟ್ಟೆ. ಅಂಗೈಯನ್ನೇ ಚಪ್ಪಟೆ ಮಾಡಿಕೊಂಡ.
ಹಂಸಿಕಾಳ ಕಾಲ್ಗೆಜ್ಜೆಯ ಮೇಲೆ ಕೆಂಪು ಗೆರೆ.
ಅವಳಜ್ಜಿ ಬಂದು ಸೆರಗು ಸಿಕ್ಕಿಸಿ ನಿಂತಳು:
"ಊರೂರು ಅಲೆಯೋರ ಜತೆ ನಮ್ಮುಡ್ಗೀನ ಕೂರಿಸ್ಬ್ಯಾಡ."
ನಾನು ಏನು ಹೇಳಿದೆನೋ ನೆನಪಿಲ್ಲ.
ಧೈರ್ಯದ್ದೇನೂ ಹೇಳಿರಲಾರೆ.

ಮಂಡ್ಯದ ತರಬೇತಿಯಲ್ಲಿ ಯಾರೋ ಹೇಳಿದ್ದರು,
ಬೈಯುವ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ.
ಇಪ್ಪತ್ತಾರು ಮಕ್ಕಳು, ಒಲೆ ಮೇಲೆ ಅನ್ನ, ತೂಕದ ಯಂತ್ರ ಕೆಟ್ಟಿದೆ,
ಹತ್ತು ನಿಮಿಷ ಯಾರ ಮನೇದು ಎಂದು
ಹಿಂದಿನ ಸಾಲಿನವರು ನಕ್ಕಿದ್ದೆವು.

ಆ ಗುರುವಾರ ಸಹಾಯಕಿ ಚೌಡಮ್ಮ ಮೊಟ್ಟೆ ಸುಲಿಯುತ್ತಿದ್ದಳು.
ಗೋಡೆಗೊರಗಿ ಕೂತೆ. ನೋಡಿದೆ.

ಅವನು ಮೊದಲು ಬಾಗುತ್ತಾನೆ.
ಎಡಗೈ ಚಾಚಿ ಏನನ್ನೋ ಹಿಡಿಯುತ್ತಾನೆ,
ಹಂಸಿಕಾಳ ಜುಟ್ಟಲ್ಲ, ಜುಟ್ಟಿನ ಪಕ್ಕದ ಗಾಳಿ.
ಬಲಗೈ ನೆಲ ಸವರುವಷ್ಟು ಕೆಳಗೆ ಬೀಸುತ್ತದೆ.
ಆಮೇಲೆ ಇಲ್ಲದ ಸೋಗೆ ಸವರುತ್ತಾನೆ, ಎರಡು ಸಲ.
ಎಡಕ್ಕೆ ಎಸೆಯುತ್ತಾನೆ.
ಹಣೆಯಿಂದ ಇಲ್ಲದ ಬೆವರು ಒರೆಸುತ್ತಾನೆ.

ಅಯ್ಯೋ ನನ್ನ ಕಣ್ಣೇ.
ಕಬ್ಬಿನ ಗದ್ದೆಯಲ್ಲೇ ಬೆಳೆದವಳು ನಾನು.
ನಮ್ಮಪ್ಪ ಆಳುಗಳಿಗೆ ಕೂಗುತ್ತಿದ್ದದ್ದು ಇದೊಂದೇ:
ಬುಡಕ್ಕೆ ಕಡೀರ್ಲಾ, ಬುಡಕ್ಕೆ.
ಮ್ಯಾಲೆ ಕಡುದ್ರೆ ಕೂಳೆ ಬರಕಿಲ್ಲ.

ಮರುದಿನ ಹಳೆ ಸೀರೆಯ ಅಂಚು ಹರಿದು ಹಗ್ಗ ಮಾಡಿದೆ.
ಪೇಪರು ಸುತ್ತಿ ಕುಡುಗೋಲು. ಸದ್ದು ಬರುತ್ತದೆ, ನೋವಾಗುವುದಿಲ್ಲ.
ನಾವೆಲ್ಲ ಕಬ್ಬು ಎಂದೆ.
ಕೈ ಮೇಲೆತ್ತಿ ಮಕ್ಕಳು ತೂಗಿದವು. ಚೌಡಮ್ಮನೂ.
ಅವನು ನಂಬಲಿಲ್ಲ. ನನ್ನ ಮುಖ ನೋಡಿದ.
ಮೊದಲು ನಾನೇ ಬಿದ್ದೆ,
ಐವತ್ತೆರಡು ವರ್ಷದ ಮಂಡಿ ಸಮೇತ.

ಅಲ್ಲಿಂದಾಚೆ ಅವನೇ ಮೇಸ್ತ್ರಿ.
ಬಿದ್ದವರನ್ನು ಹೊರಳಿಸಿ ಎಣಿಸಿದ, ಏಕ್, ದಿ, ತೀನ್.
ಮಕ್ಕಳೂ ಎಣಿಸಿದವು, ಒಂದು ದಿ ಮೂರು ಎಂದು ಕಲಸಿ.
ಐದಕ್ಕೊಂದು ಹೊರೆ.
ನನ್ನನ್ನ ಇನ್ನೊಂದ್ಸಲ ಕಡಿ ಎಂದು
ಹಂಸಿಕಾ ಜಗಳಕ್ಕೇ ನಿಂತಳು.

ವರದಿಯಲ್ಲಿ 'ಹೊಡೆಯುತ್ತಾನೆ'ಯನ್ನು ಹೊಡೆದುಹಾಕಿದೆ.
ಪಕ್ಕದಲ್ಲಿ ಬರೆಯಲು ಜಾಗವಿರಲಿಲ್ಲ.
ಮೇಲ್ವಿಚಾರಕಿ ಕೇಳಿದರು, ತಿದ್ದಿದ್ದೇಕೆ?
ತಪ್ಪಾಗಿತ್ತು ಮೇಡಂ, ಅಂದೆ.

ಫೆಬ್ರವರಿ ಮುಗಿಯುವುದರೊಳಗೆ ಏರಿ ಮೇಲೆ
ಗೂಟ ಕಿತ್ತ ಗುಳಿಗಳಷ್ಟೇ ಉಳಿದವು.
ಹೇಳಿ ಹೋಗಲಿಲ್ಲ.
ಹಾಜರಿಯಲ್ಲಿ ಅವನ ಹೆಸರಿನ ಮುಂದೆ
ದಿನಕ್ಕೊಂದು ಅಡ್ಡಗೆರೆ ಎಳೆಯುತ್ತ ಬಂದೆ.

ಇವತ್ತು ಪ್ರಾರ್ಥನೆ ಮುಗಿದದ್ದೇ
ಹಂಸಿಕಾ ಪೇಪರಿನ ಕುಡುಗೋಲು ಹುಡುಕಿ ತಂದಳು,
ಮಾಸಿ ಮೆತ್ತಗಾಗಿದೆ.
ಹೊಸದಾಗಿ ಸೇರಿದ, ಇನ್ನೂ ಅಳು ನಿಲ್ಲಿಸದ ಹುಡುಗನಿಗೆ
ಹಿಡಿಸಿ ಹೇಳುತ್ತಿದ್ದಾಳೆ:
"ಮ್ಯಾಲೆ ಅಲ್ಲ ಕಣೋ. ಬಗ್ಗು. ಬುಡಕ್ಕೆ."